ಕೋಳಿಮರಿಗಳನ್ನು ಅಂಗಳಕ್ಕೆ ಬಿಡುವ ಕ್ರಮ



ಮನೆಯೊಳಗೆ ಬೆಚ್ಚನೆಯ ಸ್ಥಳದಲ್ಲಿ ಐದಾರು ವಾರ ಚೆನ್ನಾಗಿ ಬೆಳೆದ ಕೋಳಿಮರಿಗಳು ಅಂಗಳಕ್ಕೆ ಬಿಟ್ಟ ಎಂಟು ಹತ್ತು ದಿವಸಗಳೊಳಗೆ ಒಂದೊಂದಾಗಿ ಸಾಯುವದು ನಮ್ಮ ಹಳ್ಳಿಗಳಲ್ಲಿ ಅಪರೂಪವಾದ ಸಂಗತಿಯಲ್ಲ. ಒಂದನ್ನು ಹದ್ದು ಎತ್ತಿಕೊಂಡು ಹೋಗುವದು. ಎರಡು ಮಳೆಯಲ್ಲಿ ನೆನೆದು ಬೆಳಿಗ್ಗೆ ಸೆಟೆದು ಬಿದ್ದಿರುವವು. ಕೆಲವು ರೆಕ್ಕೆ ಜೋಲುಬಿಟ್ಟು, ರಕ್ತದ ಹಿಕ್ಕೆ ಹಾಕುತ್ತಾ ಮೂಲೆಯಲ್ಲಿ ನಿಲ್ಲುವವು. ಇಪ್ಪತ್ತು ಮರಿಗಳನ್ನು ತಂದ ಮನೆಯಲ್ಲಿ ಕಡೆಗೆ ಏಳೆಂಟು ಮಾತ್ರ ಉಳಿದರೆ, ಆ ಮನೆಯ ತಾಯಿಯು “ನಮ್ಮ ಮನೆಗೆ ಕೋಳಿ ಆಗಿಬರುವದಿಲ್ಲ” ಎಂದು ನಿಟ್ಟುಸಿರುಬಿಟ್ಟು, ಬರಿದಾದ ಗೂಡಿನಲ್ಲಿ ಸೌದೆ ಒಟ್ಟುವಳು. ಮೊಟ್ಟೆ ಮಾರಿ ಮಕ್ಕಳ ಪುಸ್ತಕಕ್ಕೂ ಮನೆಯ ಎಣ್ಣೆ ಉಪ್ಪಿಗೂ ನಾಲ್ಕು ಕಾಸು ಕೂಡಿಸಬೇಕೆಂದಿದ್ದ ಅವಳ ಆಲೋಚನೆಯು ಅಲ್ಲಿಗೆ ಮುಗಿಯುವದು.

ಇದಕ್ಕೆ ಕೆಲವರು ಗಾಳಿ ತಾಕಿತೆಂದೂ ಬೇರೆ ಕೆಲವರು ದೃಷ್ಟಿಯಾಯಿತೆಂದೂ ಹೇಳುತ್ತಾರೆ. ಆದರೆ ವಿಚಾರಿಸಿ ನೋಡಿದರೆ, ಹೆಚ್ಚಿನ ಮರಿಗಳ ಸಾವಿಗೆ ಕಾರಣವು ನಮ್ಮ ಅವಸರವೇ. ನಿನ್ನೆಯ ವರೆಗೆ ದೀಪದ ಕಾವಿನಲ್ಲಿ, ಒಣಗಿದ ಹೊಟ್ಟಿನ ಮೇಲೆ, ಒಂದೇ ತಟ್ಟೆಯ ಹಿಟ್ಟು ತಿನ್ನುತ್ತಿದ್ದ ಮರಿಯು ಇಂದು ಒಮ್ಮೆಗೇ ಬಿಸಿಲು, ಗಾಳಿ, ಇಬ್ಬನಿ, ಹಸಿ ಮಣ್ಣು, ಹೊಸ ಮೇವು, ಹಳೇ ಕೋಳಿಗಳ ಕೊಕ್ಕು ಇವೆಲ್ಲವುಗಳನ್ನು ಎದುರಿಸಬೇಕಾಗುವದು. ಇವುಗಳಲ್ಲಿ ಒಂದೊಂದನ್ನೇ ಅದು ತಾಳಿಕೊಳ್ಳಬಲ್ಲದು. ಎಲ್ಲವನ್ನೂ ಕೂಡಿಸಿದರೆ ತಾಳಲಾರದು. ಆದದರಿಂದ ಈ ಪಾಠದ ಸಾರವು ಇಷ್ಟೇ: ಮರಿಯ ಜೀವನದಲ್ಲಿ ಒಂದು ಸಾರಿಗೆ ಒಂದೇ ಮಾರ್ಪಾಟನ್ನು ಮಾಡಬೇಕು, ಅದು ರೂಢಿಯಾದ ಮೇಲೆಯೇ ಇನ್ನೊಂದು.

೧. ತಾಯಿಕೋಳಿಯು ಮಾಡುವ ಕೆಲಸ

ನಾಟಿ ಹೇಂಟೆಯು ೨೧ ದಿವಸ ಕಾವು ಕೂತು ಮರಿಮಾಡಿದ ಮೇಲೆ ತನ್ನ ಮರಿಗಳನ್ನು ಹ್ಯಾಗೆ ನಡಿಸುತ್ತದೆಂಬದನ್ನು ನೀವೆಲ್ಲರೂ ಕಂಡಿದ್ದೀರಿ. ಮೊದಲು ಅದು ಅವುಗಳನ್ನು ದೂರ ಕರಕೊಂಡು ಹೋಗುವದಿಲ್ಲ. ನಾಲ್ಕು ಹೆಜ್ಜೆ ನಡಿಸಿ, ಕೆದಕಿ ತೋರಿಸಿ, ಮರಿಗಳು ಚಳಿಗೊಂಡು ಕೀಚುಗುಟ್ಟಿದ ಕೂಡಲೆ ರೆಕ್ಕೆಯ ಕೆಳಗೆ ಸೇರಿಸಿಕೊಳ್ಳುತ್ತದೆ. ಆಕಾಶದಲ್ಲಿ ಹದ್ದು ಕಂಡರೆ ಒಂದು ಬಗೆಯ ಕೂಗು, ನೆಲದ ಮೇಲೆ ನಾಯಿಯೋ ಬೆಕ್ಕೋ ಬಂದರೆ ಮತ್ತೊಂದು ಬಗೆಯ ಕೂಗು ಕೂಗುತ್ತದೆ. ದಿವಸದಿಂದ ದಿವಸಕ್ಕೆ ತಿರುಗಾಟವನ್ನು ಹೆಚ್ಚಿಸಿ, ಸುಮಾರು ಎರಡು ತಿಂಗಳಾದ ಮೇಲೆ ಮರಿಗಳನ್ನು ಕುಕ್ಕಿ ದೂರಮಾಡುತ್ತದೆ. ಅಷ್ಟರೊಳಗೆ ಅವು ಕಲಿಯಬೇಕಾದದ್ದನ್ನು ಕಲಿತಿರುತ್ತವೆ.

ಆದರೆ ಈಗ ಅನೇಕ ಮನೆಗಳಿಗೆ ಬರುವ ಮರಿಗಳು ಯಂತ್ರದಲ್ಲಿ ಒಡೆದವುಗಳು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಸಿದ್ಧಪಡಿಸಿದ ಗಿರಿರಾಜ ತಳಿಯೂ ಅನಂತರ ಬಂದ ಸ್ವರ್ಣಧಾರಾ ತಳಿಯೂ ಹಿತ್ತಿಲಿನಲ್ಲಿ ಸಾಕುವದಕ್ಕೆ ಒಳ್ಳೇವು; ಆದರೆ ತಂದ ಮರಿಯೊಡನೆ ತಾಯಿ ಬರುವದಿಲ್ಲ. ಮೇಲಾಗಿ ಗಿರಿರಾಜವು ಭಾರವಾದ ಹಕ್ಕಿಯಾದ್ದರಿಂದ ನಾಟಿ ಕೋಳಿಯ ಹಾಗೆ ಥಟ್ಟನೆ ಹಾರಿ ತಪ್ಪಿಸಿಕೊಳ್ಳಲಾರದು. ಹೀಗಿರಲಾಗಿ ತಾಯಿಕೋಳಿಯ ಕೆಲಸವೆಲ್ಲಾ ಸಾಕುವವರ ಮೇಲೆ ಬೀಳುವದು. ಅದು ಮಾಡುವ ಕ್ರಮದಲ್ಲಿಯೇ ನಾವೂ ಮಾಡಬೇಕು.

೨. ಹೊರಗೆ ಬಿಡುವ ಕಾಲ

ಹುಟ್ಟಿದ ಮರಿಯ ಮೈಮೇಲಿರುವದು ನುಣುಪಾದ ತುಪ್ಪಟ ಮಾತ್ರ. ಅದು ನೆನೆದರೆ ಮೈಯ ಶಾಖವನ್ನು ಸ್ವಲ್ಪವಾದರೂ ಹಿಡಿದಿಡುವದಿಲ್ಲ. ನಿಜವಾದ ಗರಿಗಳು ಮೈತುಂಬ ಬರುವದಕ್ಕೆ ಐದಾರು ವಾರಗಳು ಬೇಕು. ಆ ವರೆಗೆ ದೀಪದ ಕಾವನ್ನು ಕ್ರಮವಾಗಿ ಇಳಿಸುತ್ತಾ ಬರಬೇಕು. ಮೊದಲನೇ ವಾರದಲ್ಲಿ ಸೆಂಟಿಗ್ರೇಡ್ ೩೫ ಅಂಶ, ಎರಡನೇ ವಾರದಲ್ಲಿ ೩೨, ಮೂರನೇದರಲ್ಲಿ ೨೯, ನಾಲ್ಕನೇದರಲ್ಲಿ ೨೬, ಐದನೇದರಲ್ಲಿ ೨೩ ಎಂಬದು ಸಾಮಾನ್ಯವಾದ ಲೆಕ್ಕ. ಉಷ್ಣಮಾಪಕವಿಲ್ಲದವರು ಮರಿಗಳನ್ನೇ ನೋಡಿ ತಿಳಿಯಬಹುದು. ದೀಪದ ಕೆಳಗೆ ಒತ್ತೊತ್ತಾಗಿ ಸೇರಿ ಕೂಗಿದರೆ ಚಳಿ. ದೂರ ಸರಿದು ಬಾಯಿ ತೆರೆದು ಏದಿದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು ಸುಮ್ಮನೆ ಮಲಗಿದರೆ ಸರಿಯಾಗಿದೆಯೆಂದು ಅರ್ಥ.

ಕಡೇ ವಾರದಲ್ಲಿ ಹಗಲು ದೀಪವನ್ನು ಆರಿಸಿ, ರಾತ್ರಿ ಮಾತ್ರ ಇಟ್ಟು, ಆ ಮೇಲೆ ರಾತ್ರಿಯೂ ನಿಲ್ಲಿಸಬೇಕು. ದೀಪವಿಲ್ಲದೆ ಮೂರು ನಾಲ್ಕು ರಾತ್ರಿ ಒಳಗೇ ಸುಖವಾಗಿ ಕಳೆದ ಮರಿಯು ಮಾತ್ರ ಹೊರಗೆ ಹೋಗುವದಕ್ಕೆ ಯೋಗ್ಯವಾದದ್ದು. ವಾರಗಳ ಲೆಕ್ಕ ತುಂಬಿದರೂ ಬೆನ್ನಿನ ಮೇಲೆಯೂ ರೆಕ್ಕೆಯ ಕೆಳಗೂ ಗರಿ ತುಂಬದಿದ್ದರೆ ತಡೆಯಿರಿ.

ಊರಿನ ಹವೆಯನ್ನೂ ನೋಡಬೇಕು. ಬೀದರ, ಬೆಳಗಾವಿ ಕಡೆಯವರು ಡಿಸೆಂಬರ್ ಜನವರಿ ತಿಂಗಳ ಚಳಿಯಲ್ಲಿ ರಾತ್ರಿಯ ಕಾವನ್ನು ಇನ್ನೂ ಒಂದೆರಡು ವಾರ ಮುಂದರಿಸುವದು ಒಳ್ಳೇದು. ರಾಯಚೂರು, ಕಲಬುರಗಿ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ಬಿಸಿಲೇ ಶತ್ರು. ಯಾಕಂದರೆ ಕೋಳಿಗೆ ಬೆವರು ಇಲ್ಲ, ಏದುಸಿರಿನಿಂದಲೇ ಅದು ಮೈಯನ್ನು ತಣಿಸಿಕೊಳ್ಳಬೇಕು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಜೂನ್ ಜುಲೈ ತಿಂಗಳ ಜಡಿಮಳೆಯಲ್ಲಿ ಮರಿಗಳನ್ನು ಹೊಸದಾಗಿ ಹೊರಗೆ ಬಿಡಲೇ ಕೂಡದು.

೩. ಅಂಗಳದ ಸಿದ್ಧತೆ

ಮರಿಗಳು ಬರುವ ಮೊದಲೇ ಅಂಗಳವು ಸಿದ್ಧವಾಗಿರಬೇಕು. ಇಪ್ಪತ್ತು ಮರಿಗಳಿಗೆ ತಲೆಗೆ ೧೦ ಚದರ ಅಡಿಯಂತೆ ೨೦೦ ಚದರ ಅಡಿ, ಅಂದರೆ ೨೦ ಅಡಿ ಉದ್ದ, ೧೦ ಅಡಿ ಅಗಲದ ಬೇಲಿಯೊಳಗಿನ ಸ್ಥಳವು ಬೇಕು. ಹೆಚ್ಚಾದರೆ ಇನ್ನೂ ಒಳ್ಳೇದು. ರಾತ್ರಿಯ ಗೂಡಿಗೆ ಎಂಟು ವಾರದ ವರೆಗೆ ತಲೆಗೊಂದು ಚದರ ಅಡಿ ಸಾಕು. ಬೆಳೆದ ಮೇಲೆ ಎರಡು ಬೇಕಾಗುವದರಿಂದ ಮೊದಲೇ ೮ ಅಡಿಗೆ ೫ ಅಡಿ ಕಟ್ಟುವದು ಜಾಣತನ.

ನೆಲವು ಎತ್ತರವಾಗಿದ್ದು ನೀರು ಹರಿದುಹೋಗುವಂತಿರಬೇಕು. ನೀರು ನಿಲ್ಲುವ ಕಡೆಗೆ ಗರಸು ಹಾಕಿ ಎತ್ತರಿಸಿರಿ. ಬೇಲಿಗೆ ಬಿದಿರಿನ ತಟ್ಟಿಯಾಗಲಿ ತಂತಿಯ ಬಲೆಯಾಗಲಿ ಆದೀತು. ಆದರೆ ಕೆಳಗಿನ ಎರಡು ಅಡಿಯಲ್ಲಿ ಕಣ್ಣುಗಳು ಅರ್ಧ ಅಂಗುಲಕ್ಕಿಂತ ದೊಡ್ಡದಾಗಿರಬಾರದು. ದೊಡ್ಡ ಕಣ್ಣಿನೊಳಗಿಂದ ಮರಿಯು ತಲೆ ಹೊರಗೆ ಹಾಕುವದು, ಬೆಕ್ಕು ಎಳೆಯುವದು. ಮುಂಗುಸಿ, ಹೆಗ್ಗಣ, ನಾಯಿ ಇವು ಬೇಲಿಯ ಬುಡದಲ್ಲಿ ತೋಡುವದರಿಂದ, ಬಲೆಯನ್ನು ಒಂದು ಗೇಣು ನೆಲದೊಳಗೆ ಹೂಳಬೇಕು. ಇಲ್ಲವೆ ಒಂದು ಮೊಳ ಹೊರಗಡೆಗೆ ನೆಲದ ಮೇಲೆ ಹಾಸಿ ಕಲ್ಲು ಹೇರಬೇಕು. ಮೇಲುಗಡೆಗೆ ಹಳೇ ಮೀನುಬಲೆ ಕಟ್ಟಿದರೆ ಹದ್ದು ಕಾಗೆಗಳ ಭಯವಿಲ್ಲ. ಒಂದು ಭಾಗದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ ನೆರಳು ಮಾಡಿರಿ. ಹೆದರಿದ ಮರಿಗಳು ನುಗ್ಗಿ ಅಡಗುವದಕ್ಕೆ ಹಳೇ ಬುಟ್ಟಿಯನ್ನೋ ಓರೆಯಾಗಿ ನಿಲ್ಲಿಸಿದ ಹಲಗೆಯನ್ನೋ ಎರಡು ಮೂರು ಕಡೆಗಳಲ್ಲಿ ಇಡಿರಿ. ಇನ್ನೊಂದು ಮೂಲೆಯಲ್ಲಿ ಒಣ ಮಣ್ಣನ್ನೂ ಒಲೆಯ ಬೂದಿಯನ್ನೂ ಕೂಡಿಸಿ ಹಾಕಿದರೆ, ಅವು ಅದರಲ್ಲಿ ಹೊರಳಿ ಮೈಯ ಹೇನುಗಳನ್ನು ಕಡಿಮೆಮಾಡಿಕೊಳ್ಳುವವು.

ಗೂಡಿನಲ್ಲಿ ಭತ್ತದ ಹೊಟ್ಟನ್ನು ಎರಡು ಮೂರು ಅಂಗುಲ ಹಾಸಿ, ನೆಲದಿಂದ ಒಂದು ಅಡಿ ಎತ್ತರಕ್ಕೆ ಕೂತುಕೊಳ್ಳುವ ಕೋಲು ಕಟ್ಟಿರಿ. ಮೂಲೆಗಳಿಗೆ ಹಲಗೆಯ ತುಂಡು ಅಡ್ಡಹಾಕಿ ಅವುಗಳನ್ನು ಮುಚ್ಚುವದು ಅವಶ್ಯ. ಯಾಕಂದರೆ ಹೊಸ ಸ್ಥಳದ ಕತ್ತಲೆಗೆ ಹೆದರಿದ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು, ಕೆಳಗಿನವು ಉಸಿರುಕಟ್ಟಿ ಸಾಯುವದುಂಟು.

೪. ಹದಿನಾಲ್ಕು ದಿವಸಗಳ ಕ್ರಮ

ಮೊದಲನೇ ಮೂರು ದಿವಸ: ಮರಿಗಳನ್ನು ಹೊಸ ಗೂಡಿಗೆ ತಂದು ಬಾಗಿಲು ಮುಚ್ಚಿಡಿರಿ. ಹಳೇ ತಟ್ಟೆ, ಹಳೇ ನೀರಿನ ಪಾತ್ರೆ, ಹಳೇ ಮೇವು ಇವುಗಳನ್ನೇ ಇಡಿರಿ. ಸ್ಥಳವೊಂದು ಮಾತ್ರ ಹೊಸದಾಗಿರಲಿ. ಮೊದಲ ಎರಡು ರಾತ್ರಿ ಮಂದವಾದ ದೀಪವನ್ನು ಇಟ್ಟು, ಮಲಗುವ ಮುಂಚೆ ಒಮ್ಮೆ ಹೋಗಿ ನೋಡಿರಿ. ಬಲೆಯ ಸಂದಿನಿಂದ ಅಂಗಳವನ್ನು ನೋಡುತ್ತಾ ನೋಡುತ್ತಾ, ಈ ಗೂಡೇ ತಮ್ಮ ಮನೆಯೆಂದು ಅವು ತಿಳುಕೊಳ್ಳುವವು.

ನಾಲ್ಕರಿಂದ ಆರನೇ ದಿವಸ: ಸಾಯಂಕಾಲ ಹೊತ್ತು ಮುಳುಗುವದಕ್ಕೆ ಒಂದು ಗಂಟೆ ಮುಂಚೆ ಬಾಗಿಲು ತೆರೆಯಿರಿ. ಮರಿಗಳನ್ನು ಹಿಡಿದು ಹೊರಗೆ ಹಾಕಬೇಡಿರಿ. ಧೈರ್ಯದ ಮರಿಯೊಂದು ಹೊಸ್ತಿಲಿಗೆ ಬಂದು ಇಣಿಕಿ ಹೊರಡುವದು. ಉಳಿದವು ಅದನ್ನು ನೋಡಿ ಹೊರಡುವವು. ಸಾಯಂಕಾಲವನ್ನು ಆರಿಸಿಕೊಳ್ಳುವದಕ್ಕೆ ಎರಡು ಕಾರಣಗಳುಂಟು. ಮಬ್ಬು ಬೆಳಕಿನಲ್ಲಿ ಕೋಳಿಗೆ ಕಣ್ಣು ಚೆನ್ನಾಗಿ ಕಾಣದ್ದರಿಂದ ಅದು ಕತ್ತಲಾಗುವ ಮುಂಚೆ ತಾನಾಗಿ ಗೂಡಿಗೆ ತಿರುಗುವದು. ಎರಡನೇದಾಗಿ, ಆ ಹೊತ್ತಿನ ಮೇವನ್ನು ಹೊರಗೆ ಕೊಡದೆ ಗೂಡಿನೊಳಗೇ ಇಟ್ಟು ಕರೆದರೆ ಹಸಿವೆಯೇ ಅವುಗಳನ್ನು ಒಳಗೆ ತರುವದು. ದಿನಾಲು ಒಂದೇ ರೀತಿಯ ಕೂಗಿನಿಂದ ಕರೆಯಿರಿ. ಆ ಕೂಗನ್ನು ಅವು ಕಲಿತರೆ ಮುಂದೆ ಮಳೆ ಬಂದಾಗಲೂ ಹದ್ದು ಕಂಡಾಗಲೂ ನಿಮಗೆ ಉಪಯೋಗವಾಗುವದು.

ಏಳರಿಂದ ಒಂಬತ್ತನೇ ದಿವಸ: ಮಧ್ಯಾಹ್ನ ಮೂರು ಗಂಟೆಯಿಂದ ಬಿಡಿರಿ.

ಹತ್ತರಿಂದ ಹನ್ನೆರಡನೇ ದಿವಸ: ಹುಲ್ಲಿನ ಮೇಲಿನ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ಸುಮಾರಿಗೆ ಬಿಡಿರಿ. ನಡುಹಗಲಿನಲ್ಲಿ ಎಲ್ಲಾ ಮರಿಗಳು ನೆರಳಿನಲ್ಲಿವೆಯೋ, ನೀರಿನ ಬಳಿಗೆ ಹೋಗುತ್ತವೆಯೋ ಎಂದು ಪರೀಕ್ಷಿಸಿರಿ.

ಹದಿಮೂರು ಹದಿನಾಲ್ಕನೇ ದಿವಸ: ಹಗಲೆಲ್ಲಾ ಹೊರಗಿರಬಹುದು.

ಪ್ರತಿ ರಾತ್ರಿ ಬಾಗಿಲು ಮುಚ್ಚುವ ಮುಂಚೆ ಎಣಿಸುವದನ್ನು ಮಾತ್ರ ಮರೆಯಬಾರದು. ಒಂದು ಮರಿಯು ಬೇಲಿಯ ಸಂದಿಯಲ್ಲಿ ಉಳಿದರೆ ಅದನ್ನು ಬೆಳಿಗ್ಗೆ ಕಾಣುವ ನಂಬಿಕೆಯಿಲ್ಲ. ಫಕ್ಕನೆ ಮಳೆ ಬಂದು ಮರಿಯು ನೆನೆದರೆ ಒಣ ಬಟ್ಟೆಯಿಂದ ಒರಸಿ ಬೆಚ್ಚಗಿನ ಕಡೆಗೆ ಇಟ್ಟು, ಮೈ ಪೂರಾ ಆರಿದ ಮೇಲೆ ಬೇರೆಯವುಗಳೊಂದಿಗೆ ಸೇರಿಸಿರಿ. ಮರಿಗಳು ಹೊರಗೆ ಬರಲು ಹಿಂಜರಿದರೆ ಅಂದಿನ ಪಾಠವನ್ನೇ ಮರುದಿನವೂ ನಡಿಸಿರಿ. ಹದಿನಾಲ್ಕು ದಿವಸಕ್ಕೆ ಇಪ್ಪತ್ತಾದರೆ ನಷ್ಟವೇನೂ ಇಲ್ಲ.

೫. ಮೇವು ಮತ್ತು ನೀರು

ಸ್ಥಳವನ್ನು ಬದಲಿಸುವ ವಾರದಲ್ಲಿ ಮೇವನ್ನು ಬದಲಿಸಕೂಡದು. ಎಂಟು ವಾರದ ವರೆಗೆ ಮರಿಗಳ ಹಿಟ್ಟನ್ನೇ ಕೊಟ್ಟು, ಆ ಮೇಲೆ ಬೆಳೆಯುವ ಕೋಳಿಯ ಮೇವಿಗೆ ಸಾಗುವಾಗ ಮೊದಲೆರಡು ದಿವಸ ಕಾಲು ಪಾಲು, ಆ ಮೇಲೆ ಅರ್ಧ, ಆ ಮೇಲೆ ಮುಕ್ಕಾಲು ಎಂದು ಹೊಸದನ್ನು ಬೆರಸುತ್ತಾ ಹೋಗಿರಿ. ಮೊಟ್ಟೆಯಿಡುವ ಕೋಳಿಗಳ ಮೇವನ್ನು ಮರಿಗಳಿಗೆ ಹಾಕಬಾರದು. ಅದರಲ್ಲಿ ಚಿಪ್ಪಿಗಾಗಿ ಸೇರಿಸಿರುವ ಹೆಚ್ಚಿನ ಸುಣ್ಣದಂಶವು ಮರಿಯ ಮೂತ್ರಪಿಂಡಗಳನ್ನು ಕೆಡಿಸುವದು.

ಹೊರಗೆ ಬಂದ ಮರಿಯು ಹುಲ್ಲನ್ನೂ ಹುಳುವನ್ನೂ ಕಾಳನ್ನೂ ತಿನ್ನಲಾರಂಭಿಸುವದು. ಕೋಳಿಗೆ ಹಲ್ಲಿಲ್ಲ, ಅದು ನುಂಗಿದ ಸಣ್ಣ ಕಲ್ಲುಗಳೇ ಅದರ ದಪ್ಪ ಮಾಂಸದ ಹೊಟ್ಟೆಯಲ್ಲಿ ಬೀಸುವ ಕಲ್ಲಿನಂತೆ ಕೆಲಸಮಾಡುವವು. ಆದಕಾರಣ ಹೊರಗೆ ಬಿಡುವ ಮುಂಚೆಯೇ ರಾಗಿಯ ಗಾತ್ರದ ಮರಳುಕಲ್ಲನ್ನು ಒಂದು ಚಿಪ್ಪಿನಲ್ಲಿ ಇಡಿರಿ. ಉದ್ದವಾದ ನಾರುಹುಲ್ಲು ಕೊರಳ ಕೆಳಗಿನ ಕಾಳಿನ ಚೀಲದಲ್ಲಿ ಉಂಡೆಗಟ್ಟುವದರಿಂದ ಅಂಗಳದ ಹುಲ್ಲನ್ನು ಗಿಡ್ಡಗೆ ಕೊಯ್ದಿರಬೇಕು. ನುಗ್ಗೆಸೊಪ್ಪನ್ನು ಹೆಚ್ಚಿ ಹಾಕಿದರೆ ಬಹಳ ಒಳ್ಳೇದು. ಒಂದು ಹಳೇ ಮಡಕೆಯಲ್ಲಿ ಹುಲ್ಲು ಸೆಗಣಿಗಳನ್ನು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ನೆಲದ ಮೇಲೆ ಬೋರಲಾಗಿಟ್ಟರೆ ಮರುದಿನ ಗೆದ್ದಲು ತುಂಬಿರುವದು; ಇದು ಕಾಸಿಲ್ಲದೆ ದೊರೆಯುವ ಪುಷ್ಟಿಯಾದ ಆಹಾರ.

ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನಾಗಲಿ ಜೋಳವನ್ನಾಗಲಿ “ಕೋಳಿಗೆ ತಾನೇ” ಎಂದು ಹಾಕಬೇಡಿರಿ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಟರ್ಕಿಕೋಳಿಗಳು ಸತ್ತದ್ದು ಬೂಷ್ಟಿನ ವಿಷವಿದ್ದ ಶೇಂಗಾ ಹಿಂಡಿಯಿಂದಲೇ ಎಂದು ತಿಳಿದುಬಂತು.

ಮರಿಯು ತಿಂದ ಮೇವಿನ ತೂಕಕ್ಕೆ ಸುಮಾರು ಎರಡು ಪಾಲು ನೀರು ಕುಡಿಯುವದು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನೀರಿನ ಪಾತ್ರೆಯನ್ನು ನೆರಳಿನಲ್ಲಿ, ಒಂದು ಇಟ್ಟಿಗೆಯ ಮೇಲೆ ಇಡಿರಿ. ಹಾಗಾದರೆ ಅವು ಕೆದಕಿದ ಹೊಟ್ಟೂ ಹಿಕ್ಕೆಯೂ ಅದರೊಳಗೆ ಬೀಳುವದಿಲ್ಲ.

೬. ಎರಡು ರೋಗಗಳ ವಿಷಯ

ಹೊಸದಾಗಿ ನೆಲಕ್ಕಿಳಿದ ಮರಿಗಳನ್ನು ಹೆಚ್ಚಾಗಿ ಕೊಲ್ಲುವದು ರಕ್ತಭೇದಿ. ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಮೊಟ್ಟೆಗಳು ಹಿಕ್ಕೆಯಲ್ಲಿ ಹೊರಬಿದ್ದ ಕೂಡಲೆ ಕೇಡುಮಾಡಲಾರವು. ಬೆಚ್ಚಗಿನ ಒದ್ದೆ ಸ್ಥಳದಲ್ಲಿ ಒಂದೆರಡು ದಿವಸ ಬಿದ್ದಿದ್ದರೆ ಮಾತ್ರ ಬಲಿತು, ಮತ್ತೊಂದು ಮರಿಯ ಕರುಳನ್ನು ಸೇರಿದಾಗ ಹಾನಿಮಾಡುವವು. ಒಣನೆಲದಲ್ಲಿ ಅವು ಚೆನ್ನಾಗಿ ಬಲಿಯುವದಿಲ್ಲ. ಇಲ್ಲಿ ಇನ್ನೊಂದು ವಿಶೇಷವುಂಟು. ಕೊಂಚಕೊಂಚವಾಗಿ ಈ ಜೀವಿಯು ಹೊಟ್ಟೆಗೆ ಹೋದರೆ ಮರಿಯ ದೇಹವು ಅದನ್ನು ಎದುರಿಸುವ ಬಲವನ್ನು ಪಡೆಯುವದು. ಒಮ್ಮೆಗೇ ಬಹಳವಾಗಿ ಹೋದರೆ ಮರಿಯು ಸೋಲುವದು. ಮೊದಲು ಒಂದು ಗಂಟೆ, ಆ ಮೇಲೆ ಮೂರು ಗಂಟೆ ಎಂದು ಹೊರಗೆ ಬಿಡುವದರ ಪ್ರಯೋಜನವು ಇದರಿಂದಲೂ ಸ್ಪಷ್ಟವಾಗುವದು. ಆದ್ದರಿಂದ ಒದ್ದೆಯಾದ ಹೊಟ್ಟನ್ನು ಅಂದೇ ತೆಗೆದುಹಾಕಿರಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಆ ಮರಿಗಳನ್ನು ಬೇರ್ಪಡಿಸಿ, ತಡಮಾಡದೆ ಪಶುವೈದ್ಯಶಾಲೆಗೆ ತಿಳಿಸಿರಿ. ನೀರಿನಲ್ಲಿ ಕೊಡುವ ಆಂಪ್ರೋಲಿಯಂ ಎಂಬ ಔಷಧವು ಹೊತ್ತಿಗೆ ಕೊಟ್ಟರೆ ಗುಣವಾಗುವದು. ಅಳತೆಯನ್ನು ವೈದ್ಯರಿಂದಲೇ ಕೇಳಬೇಕು.

ಎರಡನೇದು ಕೊಕ್ಕರೆ ರೋಗ, ಅಂದರೆ ರಾಣಿಖೇತ. ೧೯೨೬ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿಯೂ, ಬಹಳ ತಡವಿಲ್ಲದೆ ನಮ್ಮ ದೇಶದ ರಾಣಿಖೇತದಲ್ಲಿಯೂ ಇದನ್ನು ಗುರುತಿಸಿದ್ದರಿಂದ ಆ ಎರಡು ಊರುಗಳ ಹೆಸರುಗಳು ಇದಕ್ಕೆ ಬಂದವು. ಹಸುರು ಭೇದಿ, ಬಾಯಿ ತೆರೆದು ಉಸಿರಾಡುವದು, ಕತ್ತು ತಿರುಚಿಕೊಳ್ಳುವದು ಇದರ ಗುರುತುಗಳು. ಬಂದ ಮೇಲೆ ಔಷಧವಿಲ್ಲ. ಬರುವ ಮುಂಚೆ ಲಸಿಕೆಯುಂಟು. ಲಾಸೋಟಾ ಮೊದಲಾದ ಲಸಿಕೆಯನ್ನು ಮೊದಲನೇ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರದಲ್ಲಿ ಮತ್ತೊಮ್ಮೆ, ಎಂಟನೇ ವಾರದ ಸುಮಾರಿಗೆ ಆರ್-ಟು-ಬಿ ಎಂಬದನ್ನು ಸೂಜಿಯಿಂದ ಹಾಕಿಸುವದು ರೂಢಿ. ನಾಲ್ಕನೇ ವಾರದ ಲಸಿಕೆಯಾಗಿ ಹತ್ತು ದಿವಸಗಳಾದರೂ ಕಳೆದ ಮೇಲೆಯೇ ಮರಿಯು ನೆಲಕ್ಕಿಳಿಯಲಿ. ಲಸಿಕೆಯನ್ನೂ ಸ್ಥಳದ ಬದಲಾವಣೆಯನ್ನೂ ಒಂದೇ ದಿವಸ ಮಾಡಬಾರದು.

ಮರಿಗಳನ್ನು ಮುಟ್ಟಿದ ಮಕ್ಕಳು ಊಟಕ್ಕೆ ಕೂಡ್ರುವ ಮುಂಚೆ ಸಾಬೂನಿನಿಂದ ಕೈತೊಳೆಯುವಂತೆ ನೋಡಿಕೊಳ್ಳಿರಿ. ನೋಡಲಿಕ್ಕೆ ಸೌಖ್ಯವಾಗಿರುವ ಮರಿಯ ಹಿಕ್ಕೆಯಿಂದಲೂ ಮನುಷ್ಯರಿಗೆ ಹೊಟ್ಟೆಬೇನೆ ಬರುವದುಂಟು.

೭. ಹಳೇ ಕೋಳಿಗಳೊಂದಿಗೆ ಸೇರಿಸುವದು

ಕೋಳಿಗಳಲ್ಲಿ ಮೇಲು ಕೀಳೆಂಬ ಸಾಲು ಇದೆ. ಯಾವದು ಯಾವದನ್ನು ಕುಕ್ಕಬಹುದೆಂಬದು ಅವುಗಳಲ್ಲಿಯೇ ಗೊತ್ತಾಗಿರುತ್ತದೆ. ನಾರ್ವೆ ದೇಶದ ಶೆಲ್ಡೆರುಪ್-ಎಬ್ಬೆ ಎಂಬ ವಿದ್ವಾಂಸನು ಇದನ್ನು ಬಹುಕಾಲ ನೋಡಿ ೧೯೨೨ರಲ್ಲಿ ಪ್ರಕಟಿಸಿದನು. ಹೊಸ ಮರಿಗೆ ಆ ಸಾಲಿನಲ್ಲಿ ಸ್ಥಳವಿಲ್ಲದ್ದರಿಂದ ಎಲ್ಲವೂ ಅದನ್ನು ಕುಕ್ಕುವವು. ಆದದರಿಂದ ಅಂಗಳಕ್ಕೆ ರೂಢಿಯಾದ ಮರಿಗಳನ್ನು ಕೂಡಲೆ ದೊಡ್ಡ ಕೋಳಿಗಳ ನಡುವೆ ಬಿಡದೆ, ಹತ್ತು ಹನ್ನೆರಡು ವಾರವಾಗಿ ಮೈ ಬಲಿಯುವ ತನಕ ಕಾಯಿರಿ. ಅದಕ್ಕೆ ಮುಂಚೆ ಎರಡು ವಾರ ನಡುವೆ ಬಲೆಯನ್ನು ಮಾತ್ರ ಇಟ್ಟು, ಎರಡು ಗುಂಪುಗಳೂ ಒಂದನ್ನೊಂದು ನೋಡುತ್ತಾ ಮೇಯುವಂತೆ ಮಾಡಿರಿ. ಸೇರಿಸುವಾಗ ಒಂದೊಂದನ್ನಾಗಿ ಸೇರಿಸದೆ ಗುಂಪಾಗಿ ಸೇರಿಸಿ, ಮೇವಿನ ತಟ್ಟೆಯನ್ನೂ ನೀರನ್ನೂ ಎರಡು ಮೂರು ಕಡೆಗಳಲ್ಲಿ ಇಡಿರಿ. ಸ್ವಲ್ಪ ಕುಕ್ಕಾಟವು ಆಗಿಯೇ ತೀರುವದು. ರಕ್ತ ಬಂದರೆ ಮಾತ್ರ ಆ ಮರಿಯನ್ನು ತಕ್ಷಣ ತೆಗೆಯಿರಿ. ಕೆಂಪು ಗಾಯವನ್ನು ಕಂಡರೆ ಉಳಿದವು ಕುಕ್ಕುವದನ್ನು ಬಿಡುವದಿಲ್ಲ.

ಇಷ್ಟೆಲ್ಲಾ ಹೇಳಿದ್ದರಲ್ಲಿ ಹೆಚ್ಚು ಹಣ ಬೇಡುವದು ಯಾವದೂ ಇಲ್ಲ. ಬಿದಿರು, ಗರಿ, ಬೂದಿ, ಹೊಟ್ಟು, ಹಳೇ ಮಡಕೆ ಇವೆಲ್ಲಾ ಹಳ್ಳಿಯಲ್ಲಿ ದೊರೆಯುವವು, ಲಸಿಕೆಗೆ ಪಶುವೈದ್ಯಶಾಲೆಯುಂಟು. ಬೇಕಾದದ್ದು ದಿನಕ್ಕೆ ಒಂದು ಗಂಟೆಯ ಗಮನ ಮತ್ತು ಎರಡು ವಾರದ ತಾಳ್ಮೆ. ಗೂಡಿನಲ್ಲಿ ಸೌದೆ ಒಟ್ಟಿರುವ ತಾಯಂದಿರು ಆ ಸೌದೆಯನ್ನು ಹೊರಗೆ ಹಾಕಿ, ಮುಂದಿನ ಸಾರಿ ಇಪ್ಪತ್ತರ ಬದಲು ಹತ್ತೇ ಮರಿಗಳನ್ನು ತಂದು ಈ ಕ್ರಮದಲ್ಲಿ ನಡಿಸಿ ನೋಡಲಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ಮರಿಯು ಹೊರಗೆ ಹೋಗುವದಕ್ಕೆ ಯೋಗ್ಯವಾಯಿತೆಂದು ಯಾವ ಗುರುತುಗಳಿಂದ ತಿಳಿಯಬಹುದು?
೨. ಮೊದಲನೇ ಮೂರು ದಿವಸ ಗೂಡಿನ ಬಾಗಿಲನ್ನು ಯಾಕೆ ಮುಚ್ಚಿಡಬೇಕು?
೩. ಮೊದಲ ಸಾರಿ ಸಾಯಂಕಾಲದಲ್ಲಿ ಬಿಡುವದಕ್ಕೆ ಎರಡು ಕಾರಣಗಳನ್ನು ಹೇಳಿರಿ.
೪. ಒದ್ದೆ ನೆಲಕ್ಕೂ ರಕ್ತಭೇದಿಗೂ ಸಂಬಂಧವೇನು?
೫. ನಿಮ್ಮ ಊರಿನಲ್ಲಿ ಮರಿಗಳನ್ನು ಹೊರಗೆ ಬಿಡಬಾರದ ತಿಂಗಳುಗಳು ಯಾವವು? ಕಾರಣವೇನು?
೬. ನಿಮ್ಮ ಮನೆಯ ಬೇಲಿಯನ್ನು ಸುತ್ತಿ ನೋಡಿ, ಮುಂಗುಸಿ ನುಗ್ಗಬಹುದಾದ ಸ್ಥಳಗಳನ್ನು ಎಣಿಸಿರಿ.